ಹೊಳೆಯುವ ಹಳೆ ಜೀಪು: ಬಣ್ಣದ ಅಡಿಯಲ್ಲಿ ಏನಿದೆ, ಅದಕ್ಕೆ ಎಷ್ಟು ಕೊಡಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕೊಟ್ಟಿಗೆಯ ಪಕ್ಕದ ಮಾಡಿನಡಿ ಒಂದು ಹಳೆ ಜೀಪು ನಿಂತಿರುವುದು ಅಪರೂಪವೇನಲ್ಲ. ಅಡಿಕೆ ಮೂಟೆ, ಗೊಬ್ಬರದ ಚೀಲ, ಮದುವೆ ದಿಬ್ಬಣ, ರಾತ್ರೋರಾತ್ರಿ ಆಸ್ಪತ್ರೆಗೆ ಹೊರಟ ರೋಗಿ, ಇವೆಲ್ಲವನ್ನೂ ಒಂದು ಕಾಲಕ್ಕೆ ಹೊತ್ತದ್ದು ಅದೇ. ಈಗ ಮನೆಯ ಮಗನೋ ಮೊಮ್ಮಗಳೋ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕು ಎನ್ನುತ್ತಾರೆ. ಒಂದು ಗ್ಯಾರೇಜು ಒಂದೂವರೆ ಲಕ್ಷ ಹೇಳುತ್ತದೆ, ಇನ್ನೊಂದು ನಾಲ್ಕು ಲಕ್ಷ. ಇಬ್ಬರೂ ಮೊಬೈಲಿನಲ್ಲಿ ತೋರಿಸುವ ಫೋಟೊಗಳು ಮಾತ್ರ ಒಂದೇ ತರಹ: ಕನ್ನಡಿಯಂತೆ ಹೊಳೆಯುವ ಬಾನೆಟ್, ಕಪ್ಪು ಟೈರು, ಹೊಸ ಸೀಟು.

ಯಾರನ್ನು ನಂಬಬೇಕು? ಲಕ್ಷಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರಿಗೂ, ಮೈಸೂರಿನ ಯೆಜ್ಡಿಗೂ, ತೋಟದ ಜೀಪಿಗೂ ಉತ್ತರ ಒಂದೇ. ಪುನರುಜ್ಜೀವನದ ಗುಣಮಟ್ಟ ಇರುವುದು ಬಣ್ಣದ ಕೆಳಗೆ. ಖರ್ಚಿನ ದೊಡ್ಡ ಪಾಲು ಹೋಗುವುದೂ ಅಲ್ಲಿಗೇ. ಕೆಲಸ ಮುಗಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಮುಗಿದ ಗಾಡಿ ನೋಡಿ ತೀರ್ಮಾನಿಸಿದವರು ಮೋಸ ಹೋಗುವ ಸಾಧ್ಯತೆ ಹೆಚ್ಚು.

ದರದಲ್ಲಿ ಇಷ್ಟು ವ್ಯತ್ಯಾಸ ಏಕೆ?

ಒಂದು ಸರಳ ಲೆಕ್ಕ ಮಾಡೋಣ. ಇಲ್ಲಿರುವ ಅಂಕಿಗಳು ಉದಾಹರಣೆಗೆ ಮಾತ್ರ. ಟಿಂಕರಿಂಗ್ ಮಾಡುವ ಮಿಸ್ತ್ರಿಯ ದಿನದ ಕೂಲಿ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಜೀಪಿನ ತಳದಲ್ಲಿ ಅಂಗೈ ಅಗಲದ ಜಾಗ ತುಕ್ಕಿನಿಂದ ತೂತಾಗಿದೆ. ಆ ಜಾಗವನ್ನು ಉಜ್ಜಿ, ಪುಟ್ಟಿ ಮೆತ್ತಿ, ಕಾಗದದಲ್ಲಿ ತಿಕ್ಕಿ ಬಣ್ಣ ಹೊಡೆಯಲು ಒಂದು ದಿನ ಸಾಕು. ಸರಿಯಾದ ಕೆಲಸ ಬೇರೆ. ಒಳಗಿನ ತಗಡು ಎಲ್ಲಿಯವರೆಗೆ ತೆಳುವಾಗಿದೆ ಎಂದು ಹುಡುಕಬೇಕು, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು. ಅದೇ ದಪ್ಪದ ಹೊಸ ತಗಡನ್ನು ಬಗ್ಗಿಸಿ ವೆಲ್ಡ್ ಮಾಡಬೇಕು. ಎರಡೂ ಬದಿಗೆ ಪ್ರೈಮರ್ ಹಾಕಿ ಕೀಲುಗಳನ್ನು ಮುಚ್ಚಬೇಕು. ಇದಕ್ಕೆ ಆರು ದಿನ ಬೇಕಾಗಬಹುದು.

ಇಂಥ ಹತ್ತು ಜಾಗಗಳಿದ್ದರೆ ಮೊದಲ ವಿಧಾನಕ್ಕೆ 12,000 ರೂಪಾಯಿ ಕೂಲಿ, ಎರಡನೆಯದಕ್ಕೆ 72,000. ವ್ಯತ್ಯಾಸ 60,000. ಬಣ್ಣ ಒಣಗಿದ ದಿನ ತೆಗೆದ ಫೋಟೊದಲ್ಲಿ ಮಾತ್ರ ಎರಡೂ ಗಾಡಿಗಳು ಅವಳಿಗಳಂತೆ ಕಾಣುತ್ತವೆ. ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದು ಒಂದೆರಡು ಮಳೆಗಾಲ ಕಳೆದ ಮೇಲೆ.

ಹಾಗೆಂದು ದುಬಾರಿ ದರವೆಲ್ಲ ಒಳ್ಳೆಯ ಕೆಲಸದ ಗುರುತು ಎಂದೂ ಹೇಳುವಂತಿಲ್ಲ. ಪುಟ್ಟಿ ಮೆತ್ತಿಯೂ ನಾಲ್ಕು ಲಕ್ಷ ಕೇಳಬಹುದು. ಆದ್ದರಿಂದ ಒಟ್ಟು ಮೊತ್ತವನ್ನು ಹೋಲಿಸುವುದರಿಂದ ಏನೂ ತಿಳಿಯದು. ಆ ಮೊತ್ತದಲ್ಲಿ ಲೋಹದ ಕೆಲಸಕ್ಕೆ ಎಷ್ಟು ದಿನ ಹಿಡಿದಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ.

ನಮ್ಮ ಕಡೆ ತುಕ್ಕು ಏಕೆ ಜೋರು?

ಕಬ್ಬಿಣ ತುಕ್ಕು ಹಿಡಿಯಲು ಎರಡೇ ವಸ್ತು ಸಾಕು: ನೀರು ಮತ್ತು ಆಮ್ಲಜನಕ. ನೀರು ಸುರಿಯಲೇಬೇಕೆಂದಿಲ್ಲ. ಗಾಳಿಯ ತೇವಾಂಶ ಸುಮಾರು 60ರಿಂದ 80 ಶೇಕಡಾ ದಾಟಿದರೆ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ, ಅಷ್ಟರಲ್ಲೇ ತುಕ್ಕಿನ ಕ್ರಿಯೆ ನಡೆಯುತ್ತದೆ. ಘಟ್ಟದ ಅಂಚಿನ ಊರುಗಳಲ್ಲಿ ವರ್ಷಕ್ಕೆ 2,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಜಾಗದಲ್ಲಿ, ಮಾಡಿನಡಿ ನಿಂತ ಜೀಪು ಒಣಗಿದೆ ಎಂದು ಹೇಗೆ ಹೇಳುವುದು?

ತುಕ್ಕಿನ ಇನ್ನೊಂದು ಗುಣ ತಿಳಿದಿರಬೇಕು. ಅದು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಎರಡು ತಗಡು ಸೇರುವ ಕೀಲಿನೊಳಗೆ ನೀರು ನುಸುಳಿ ತುಕ್ಕು ಬೆಳೆದರೆ ಅದು ತಗಡುಗಳನ್ನು ಒಳಗಿನಿಂದ ಬೆಣೆಯಂತೆ ಅಗಲಿಸುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಒಂದು ದಿನ ಬಾಗಿಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಉಗುರಿನಲ್ಲಿ ಒತ್ತಿದರೆ ಒಳಗೆ ಹುಡಿ. ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಕೃಷಿ ಕೆಲಸಕ್ಕೆ ಬಳಸಿದ ಗಾಡಿಗೆ ಇನ್ನೂ ಮೂರು ಶತ್ರುಗಳಿವೆ. ಮೊದಲನೆಯದು ಪೊಟ್ಯಾಷ್ ಗೊಬ್ಬರ. ಅದರಲ್ಲಿರುವ ಕ್ಲೋರೈಡ್ ಸಮುದ್ರದ ಉಪ್ಪಿನಲ್ಲಿರುವುದೇ. ಎರಡನೆಯದು ಕೊಟ್ಟಿಗೆಯ ಗಂಜಲ ಮತ್ತು ತೇವ. ಮೂರನೆಯದು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ. ಅದರಲ್ಲಿ ತಾಮ್ರವಿದೆ. ಆ ದ್ರಾವಣ ತಾಗಿದರೆ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಅಂಟಿಕೊಳ್ಳುತ್ತದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ರೈತರು ಕತ್ತಿ ಅದ್ದಿ ನೋಡುತ್ತಾರಲ್ಲ, ಆ ಪರೀಕ್ಷೆ ನಿಂತಿರುವುದು ಇದೇ ತತ್ವದ ಮೇಲೆ. ಕತ್ತಿಯ ಮೇಲೆ ಕೆಂಪು ಬಣ್ಣ ಬಂದರೆ ಸುಣ್ಣ ಸಾಲದು ಎಂದರ್ಥ. ಸುಣ್ಣ ಬೆರೆಸುವ ಮೊದಲಿನ ಮೈಲುತುತ್ತದ ನೀರು ಜೀಪಿನ ಹಿಂಭಾಗದಲ್ಲಿ ಚೆಲ್ಲಿದ್ದರೆ ಕತ್ತಿಗೆ ಆದದ್ದೇ ಜೀಪಿನ ತಳಕ್ಕೂ ಆಗುತ್ತದೆ. ಆದ್ದರಿಂದ ಹಳೆ ಜೀಪು ನೋಡುವಾಗ ಅದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದರ ಜೊತೆಗೆ ಏನನ್ನು ಹೊತ್ತಿತ್ತು ಎಂದೂ ಕೇಳಬೇಕು.

ನಾಲ್ಕು ನಂಬಿಕೆಗಳು, ನಾಲ್ಕು ವಾಸ್ತವಗಳು

ನಂಬಿಕೆ: ಹಳೆ ಕಾಲದ ಕಬ್ಬಿಣ ಗಟ್ಟಿ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ.
ವಾಸ್ತವ: ಹಳೆ ಗಾಡಿಗಳ ತಗಡು ಸಾಮಾನ್ಯವಾಗಿ ಇಂದಿನದಕ್ಕಿಂತ ದಪ್ಪ ನಿಜ. ತೂತು ಬೀಳಲು ಹೆಚ್ಚು ವರ್ಷ ಬೇಕು, ಅಷ್ಟೇ. ಇಂದಿನ ಕಾರುಗಳ ತಗಡಿಗೆ ಸತುವಿನ ಲೇಪವಿರುತ್ತದೆ, ಇಡೀ ಮೈಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಮೂಲೆ ಮೂಲೆಗೂ ಲೇಪ ಕೂರಿಸುತ್ತಾರೆ. ಹಳೆ ಗಾಡಿಗಳಿಗೆ ಆ ರಕ್ಷಣೆ ಇರಲಿಲ್ಲ.

ನಂಬಿಕೆ: ತುಕ್ಕು ಬರುವುದು ಕರಾವಳಿಯಲ್ಲಿ. ಘಟ್ಟದ ಮೇಲಿನ ಗಾಡಿ ಸುರಕ್ಷಿತ.
ವಾಸ್ತವ: ಉಪ್ಪು ತುಕ್ಕನ್ನು ವೇಗಗೊಳಿಸುತ್ತದೆ. ಆದರೆ ತಿಂಗಳುಗಟ್ಟಲೆ ಒದ್ದೆಯಾಗಿರುವುದೂ ಅಷ್ಟೇ ಹಾನಿಕರ. ಕುಮಟೆಯ ಗಾಡಿಗಿಂತ ಶಿರಸಿಯ ಗಾಡಿ ಒಳ್ಳೆಯದು ಎಂದು ತಳ ನೋಡದೆ ಹೇಳಲಾಗದು.

ನಂಬಿಕೆ: ತುಕ್ಕಿನ ಮೇಲೆ ಕನ್ವರ್ಟರ್ ಬಳಿದರೆ ಕಬ್ಬಿಣ ಮತ್ತೆ ಹೊಸದಾಗುತ್ತದೆ.
ವಾಸ್ತವ: ಇಂಥ ದ್ರಾವಣಗಳಲ್ಲಿ ಫಾಸ್ಫಾರಿಕ್ ಆಮ್ಲವೋ ಟ್ಯಾನಿನ್ನೋ ಇರುತ್ತದೆ. ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಅಡಿಕೆ ಸುಲಿಯುವ ಕತ್ತಿ ಕಪ್ಪಾಗುವುದು, ಚೊಗರು ತಾಗಿದ ಕಬ್ಬಿಣ ಕಪ್ಪಾಗುವುದು ಇದೇ ಕಾರಣಕ್ಕೆ. ತೆಳುವಾದ, ಬಿಗಿಯಾಗಿ ಅಂಟಿರುವ ತುಕ್ಕಿಗೆ ಈ ದ್ರಾವಣ ಉಪಯುಕ್ತ. ಪದರ ಪದರವಾಗಿ ಏಳುವ ತುಕ್ಕಿಗೆ ಮೇಲಿನ ಹೊದಿಕೆ ಮಾತ್ರ ಕಪ್ಪಾಗಿ ಒಳಗೆ ತಿನ್ನುವ ಕೆಲಸ ಮುಂದುವರಿಯುತ್ತದೆ. ಕಳೆದುಹೋದ ಲೋಹವನ್ನು ಯಾವ ದ್ರಾವಣವೂ ಮರಳಿ ತರುವುದಿಲ್ಲ. ಹಾಗೆಂದು ಮನೆಯ ಚೊಗರನ್ನು ಚಾಸಿಗೆ ಬಳಿಯಲು ಹೋಗಬೇಡಿ, ಅದರಲ್ಲಿ ಟ್ಯಾನಿನ್ ಅಲ್ಲದೆ ಬೇರೆ ಎಷ್ಟೋ ಇರುತ್ತದೆ.

ನಂಬಿಕೆ: ಎಂಜಿನ್ನಿನಿಂದ ತೆಗೆದ ಹಳೆ ಆಯಿಲನ್ನು ತಳಕ್ಕೆ ಬಳಿದರೆ ಸಾಕು.
ವಾಸ್ತವ: ಎಣ್ಣೆ ನೀರನ್ನು ಸ್ವಲ್ಪ ಕಾಲ ದೂರ ಇಡುತ್ತದೆ. ಆದರೆ ಬಳಸಿದ ಆಯಿಲಿನಲ್ಲಿ ಆಮ್ಲೀಯ ಅಂಶ, ಲೋಹದ ಹುಡಿ ಸೇರಿರುತ್ತವೆ. ಅದು ರಬ್ಬರ್ ಭಾಗಗಳನ್ನು ಮೆತ್ತಗಾಗಿಸುತ್ತದೆ, ಮಳೆಯಲ್ಲಿ ತೊಳೆದುಹೋಗಿ ತೋಟದ ಮಣ್ಣು, ಬಾವಿ ನೀರಿಗೆ ಸೇರುತ್ತದೆ, ಮೈಗೆ ಪದೇ ಪದೇ ತಾಗುವುದೂ ಆರೋಗ್ಯಕ್ಕೆ ಕೆಟ್ಟದ್ದು. ಚಾಸಿಯ ಒಳಭಾಗಕ್ಕೆಂದೇ ಮೇಣದಂಥ ಲೇಪಗಳು ಸಿಗುತ್ತವೆ, ಅವೇ ಸರಿ.

ಬಣ್ಣದ ಕೆಳಗೆ ನೋಡುವುದು ಹೇಗೆ?

ಬೇಕಾಗುವ ಮೊದಲ ಉಪಕರಣ ಒಂದು ಸಣ್ಣ ಅಯಸ್ಕಾಂತ. ಬಣ್ಣ ಗೀಚದಂತೆ ಅದಕ್ಕೆ ತೆಳು ಬಟ್ಟೆ ಸುತ್ತಿ ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ತಳ ಇವುಗಳ ಮೇಲೆ ಸರಿಸಿ. ಕಬ್ಬಿಣ ಎಳೆಯುತ್ತದೆ, ಪುಟ್ಟಿ ಎಳೆಯುವುದಿಲ್ಲ. ಒಂದು ಜಾಗದಲ್ಲಿ ಹಿಡಿತ ತಟ್ಟನೆ ಸಡಿಲವಾದರೆ ಅಲ್ಲಿ ಪುಟ್ಟಿ ದಪ್ಪವಾಗಿದೆ. ತೆಳು ಪುಟ್ಟಿ ತಪ್ಪಲ್ಲ, ಒಳ್ಳೆಯ ಕೆಲಸದಲ್ಲೂ ಕೊನೆಯ ಏರುತಗ್ಗು ಸರಿಪಡಿಸಲು ಅದನ್ನು ಬಳಸುತ್ತಾರೆ. ತೂತು ಮುಚ್ಚಲು ಬಳಸಿದ ಪುಟ್ಟಿಯೇ ತಪ್ಪು. ಪುಟ್ಟಿ ತೇವ ಹೀರುತ್ತದೆ, ಹೀರಿದ್ದನ್ನು ಲೋಹಕ್ಕೆ ಅಂಟಿಸಿಕೊಂಡು ಕೂರುತ್ತದೆ.

ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ನಿಖರ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಮತ್ತೆ ಬಣ್ಣ ಹೊಡೆದ ಗಾಡಿಯಲ್ಲಿ ಅದರ ಎರಡು ಮೂರು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಸಾವಿರ ಮೈಕ್ರಾನ್ ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದೇ ಲೆಕ್ಕ.

ಅಯಸ್ಕಾಂತದ ಪರೀಕ್ಷೆಗೂ ಮಿತಿಗಳಿವೆ. ಬೆಂಗಳೂರಿನ ಸಿಪಾನಿ ಸಂಸ್ಥೆಯ ಡಾಲ್ಫಿನ್ ಕಾರಿನ ಮೈ ಫೈಬರ್‌ನದು. ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹೊರತಂದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಸ್ಟಾರ್ಮ್‌ನದೂ ಹಾಗೆಯೇ. ಅಲ್ಲಿ ಅಯಸ್ಕಾಂತ ಎಲ್ಲಿಯೂ ಅಂಟುವುದಿಲ್ಲ. ಮೈಗೆ ತುಕ್ಕಿಲ್ಲ ಎಂದು ಖುಷಿಪಡುವ ಮೊದಲು ಅದನ್ನು ಹೊತ್ತಿರುವ ಕಬ್ಬಿಣದ ಚೌಕಟ್ಟನ್ನು ಬಗ್ಗಿ ನೋಡಬೇಕು.

ಗಾಡಿಯ ಕಟ್ಟಡ ಯಾವ ಬಗೆಯದು ಎಂಬುದೂ ಮುಖ್ಯ. ಜೀಪಿನಲ್ಲಿ ಏಣಿಯಂಥ ಚಾಸಿ ಬೇರೆ, ಮೇಲೆ ಕೂತ ಮೈ ಬೇರೆ. ಮೈ ಕೊಳೆತರೂ ಚಾಸಿ ಗಟ್ಟಿ ಇದ್ದರೆ ಗಾಡಿ ಬದುಕುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹಾಗಲ್ಲ, ಅಲ್ಲಿ ಮೈಯೇ ಭಾರ ಹೊರುವ ಎಲುಬು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಕೊಳೆತಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಒಂದು ಬದಿಯನ್ನು ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ ನೋಡಿ. ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಸಿಕ್ಕಿಕೊಂಡರೆ ಮೈ ಬಾಗುತ್ತಿದೆ ಎಂದರ್ಥ. ಚಾವಣಿ ಇಲ್ಲದ ಹಳೆ ಸ್ಪೋರ್ಟ್ಸ್ ಕಾರುಗಳನ್ನು ನೋಡುವವರೂ ಇದನ್ನೇ ಮೊದಲು ಪರೀಕ್ಷಿಸುತ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಫೋಟೊಗಳು. ಬಣ್ಣ ಹೊಡೆದ ಮೇಲಿನವಲ್ಲ, ಬಣ್ಣ ಕಿತ್ತ ಮೇಲಿನವು. ಬರೀ ಲೋಹ ಕಾಣುವ, ಕತ್ತರಿಸಿದ ಜಾಗ ಕಾಣುವ, ವೆಲ್ಡಿಂಗ್ ಮುಗಿದು ಪ್ರೈಮರ್ ಹಾಕಿದ ಪ್ರತಿ ಹಂತದ ಚಿತ್ರಗಳು. ಒಳ್ಳೆಯ ಕೆಲಸಗಾರ ಇವನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಅವನ ಶ್ರಮಕ್ಕೆ ಬೇರೆ ಪುರಾವೆಯೇ ಇಲ್ಲವಲ್ಲ.

ಬಣ್ಣ ಹೊಡೆಯಲು ಯಾವ ತಿಂಗಳು?

ಇದು ಶಕುನದ ಮಾತಲ್ಲ. ಲೋಹದ ಮೇಲ್ಮೈ ಗಾಳಿಯ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು ಎಂಬುದು ಲೇಪನ ಕೆಲಸದ ಸಾಮಾನ್ಯ ನಿಯಮ. ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವ ಬಣ್ಣದ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಜುಲೈನಲ್ಲಿ ತೆರೆದ ಶೆಡ್ಡಿನಲ್ಲಿ ಈ ನಿಯಮ ಪಾಲಿಸುವುದು ಬಹಳ ಕಷ್ಟ. ಬೇಗ ಒಣಗುವ ಹಳೆ ಬಗೆಯ ಬಣ್ಣಗಳು ತೇವದ ಗಾಳಿಯಲ್ಲಿ ಹಾಲು ಚೆಲ್ಲಿದಂತೆ ಮಬ್ಬಾಗುವುದೂ ಉಂಟು. ಬಿಸಿ ಕೋಣೆ ಇಲ್ಲದ ಗ್ಯಾರೇಜಿನಲ್ಲಿ ಡಿಸೆಂಬರ್‌ನಿಂದ ಏಪ್ರಿಲ್ ನಡುವೆ, ಅದೂ ಮುಂಜಾನೆಯ ಮಂಜು ಆರಿ ಬಿಸಿಲೇರಿದ ಮೇಲೆ ಬಣ್ಣದ ಕೆಲಸ ಮಾಡಿಸುವುದು ಜಾಣತನ. ಮಳೆಗಾಲದ ತಿಂಗಳುಗಳನ್ನು ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಕೆಲಸಕ್ಕೆ ಬಿಡಬಹುದು.

ಹೊಳಪಿಗಿಂತ ಮೊದಲು ಬ್ರೇಕು

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಯತ್ತ ಇಳಿಯುವ ಅರಬೈಲು ಘಟ್ಟ ನಮಗೆ ದಿನನಿತ್ಯದ ದಾರಿ. ಹಳೆ ಗಾಡಿಗೆ ಅಲ್ಲಿ ನಿಜವಾದ ಪರೀಕ್ಷೆ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಮೊದಲ ರೂಪಾಯಿ ಖರ್ಚಾಗಬೇಕಾದದ್ದು ಬ್ರೇಕಿಗೆ.

ಕಾರಣ ಸರಳ ಭೌತಶಾಸ್ತ್ರ. ಸಾಮಾನ್ಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ದ್ರವ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಹೀರಿದ ಮೇಲೆ ಅದರ ಮಾನದಂಡ 140 ಡಿಗ್ರಿಗೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಲೇ ಹೋದರೆ ಡ್ರಮ್ ಕಾದು ಆ ಬಿಸಿ ದ್ರವಕ್ಕೂ ತಲುಪುತ್ತದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಆದ್ದರಿಂದ ಬ್ರೇಕಿನ ರಬ್ಬರ್ ಕೊಳವೆ, ಕಬ್ಬಿಣದ ಪೈಪು, ಸಿಲಿಂಡರ್ ಸೀಲು, ದ್ರವ ಎಲ್ಲವೂ ಹೊಸದೇ ಎಂದು ಕೇಳಿ, ಬಿಲ್ಲು ನೋಡಿ. ಸ್ಟೀರಿಂಗ್ ಕೀಲುಗಳು, ಟೈರಿನ ತಯಾರಿಕಾ ವರ್ಷ, ವೈರಿಂಗ್‌ನ ಫ್ಯೂಸು ಇವೂ ಇದೇ ಪಟ್ಟಿಗೆ ಸೇರಿದವು. ಗುಂಡಿ ಬಿದ್ದಿರದ ಟೈರೂ ವರ್ಷಗಟ್ಟಲೆ ನಿಂತರೆ ಗಡುಸಾಗಿ ಬಿರುಕು ಬಿಡುತ್ತದೆ. ಹೊಸ ಸೀಟಿಗೆ ಹಣ ಹೋಗಿ ಬ್ರೇಕಿಗೆ ಉಳಿಯದಿದ್ದರೆ ಆ ಕೆಲಸವನ್ನು ಒಳ್ಳೆಯದು ಎನ್ನಲಾಗದು.

ಬಿಡಿಭಾಗ ಸಿಗುತ್ತದೆಯೇ? ಖರ್ಚನ್ನು ನಿರ್ಧರಿಸುವ ಇನ್ನೊಂದು ಪ್ರಶ್ನೆ

ಒಂದೇ ವಯಸ್ಸಿನ ಎರಡು ಗಾಡಿಗಳಲ್ಲಿ ಒಂದರ ಖರ್ಚು ಇನ್ನೊಂದರ ಮೂರು ಪಟ್ಟಾಗುವುದು ಬಿಡಿಭಾಗಗಳಿಂದ. ಬ್ರಿಟನ್ನಿನಲ್ಲಿ ಎಂಜಿ-ಬಿ ಎಂಬ ಹಳೆ ಸ್ಪೋರ್ಟ್ಸ್ ಕಾರಿನ ಇಡೀ ಮೈಯನ್ನೇ 1980ರ ದಶಕದ ಕೊನೆಯಿಂದ ಮತ್ತೆ ಹೊಸದಾಗಿ ತಯಾರಿಸುತ್ತಿದ್ದಾರೆ. ಹಾಗಾಗಿ ಅದನ್ನು ಉಳಿಸುವುದು ಅಪರೂಪದ ಬೇರೆ ಕಾರುಗಳಿಗಿಂತ ಸುಲಭ. ನಮ್ಮಲ್ಲಿ ಜೀಪಿಗೆ ಆ ಅನುಕೂಲವಿದೆ. ಮಹೀಂದ್ರ 1940ರ ದಶಕದ ಕೊನೆಯಿಂದ ಜೀಪು ಜೋಡಿಸುತ್ತ ಬಂದದ್ದರಿಂದ ಭಾಗಗಳು ಇಂದಿಗೂ ಸಿಗುತ್ತವೆ. ಹರಿಯಾಣದ ಸಿರ್ಸಾ ಜಿಲ್ಲೆಯ ಮಂಡಿ ಡಬ್ವಾಲಿಯಲ್ಲಿ ಜೀಪಿನ ಹೊಸ ಮೈ ಕಟ್ಟುವ ದೊಡ್ಡ ಉದ್ಯಮವೇ ಇದೆ.

ಯೆಜ್ಡಿಯ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದಾಗ, ಹಳೆ ಬೈಕಿಗೆ ಇನ್ನು ಕಂಪನಿಯ ಭಾಗಗಳು ಸಿಗುತ್ತವೆ ಎಂದು ಕೆಲವರು ನಂಬಿದರು. ಹೊಸದು ನಾಲ್ಕು ಸ್ಟ್ರೋಕಿನ ಬೇರೆಯೇ ಎಂಜಿನ್. ಹಳೆಯ ಎರಡು ಸ್ಟ್ರೋಕಿನ ಎಂಜಿನ್ನಿಗೆ ಅದರ ಭಾಗ ಹೊಂದುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ ವರ್ಷಗಟ್ಟಲೆ ನಿಂತರೆ ಕ್ರ್ಯಾಂಕ್ ಸೀಲುಗಳು ಗಡುಸಾಗಿ ಗಾಳಿ ಒಳಗೆ ಎಳೆಯತೊಡಗುತ್ತವೆ. ಆಗ ಮಿಶ್ರಣ ತೆಳುವಾಗಿ ಪಿಸ್ಟನ್ ಅತಿಯಾಗಿ ಕಾಯುತ್ತದೆ. ಕಿಕ್ ಹೊಡೆದ ಕೂಡಲೇ ಸ್ಟಾರ್ಟ್ ಆಯಿತು ಎಂಬುದು ಎಂಜಿನ್ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ಸೀಲು, ಬೇರಿಂಗ್ ಬದಲಾಗಿದೆಯೇ, ಸಿಲಿಂಡರ್ ಎಷ್ಟನೇ ಬಾರಿ ಬೋರ್ ಆಗಿದೆ ಎಂದು ಕೇಳಿ. ಪ್ರತಿ ಬೋರಿಂಗ್‌ಗೂ ಸಿಲಿಂಡರ್ ಗೋಡೆ ಸವೆಯುತ್ತದೆ, ಅದಕ್ಕೂ ಕೊನೆ ಇದೆ.

ಪೆಟ್ರೋಲ್ ಗಾಡಿಗಳಿಗೆ ಈಗ ಹೊಸ ಖರ್ಚೂ ಇದೆ. ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ಅದಕ್ಕೆಂದು ತಯಾರಾಗದ ಹಳೆ ರಬ್ಬರನ್ನು ಉಬ್ಬಿಸುತ್ತದೆ. ಇಂಧನದ ಕೊಳವೆ, ಕಾರ್ಬ್ಯುರೇಟರಿನ ವಾಷರ್‌ಗಳನ್ನು ಎಥನಾಲ್ ತಾಳುವ ಬಗೆಯದಕ್ಕೆ ಬದಲಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬಾರದು.

ಕಾಗದ ಸರಿಯಿಲ್ಲದ ಗಾಡಿ

ಎಷ್ಟೇ ಚೆನ್ನಾಗಿ ಮಾಡಿದರೂ ನೋಂದಣಿ ಆಗದ ಗಾಡಿ ಅಂಗಳದ ಅಲಂಕಾರವಷ್ಟೇ. ಕೆಲಸಕ್ಕೆ ಕೊಡುವ ಮೊದಲೇ ಚಾಸಿಯ ಮೇಲಿನ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಆರ್‌ಸಿಯ ಜೊತೆ ತಾಳೆ ನೋಡಿ. ತುಕ್ಕಿನಲ್ಲಿ ಸಂಖ್ಯೆ ಮಸುಕಾಗಿದ್ದರೆ ಮೊದಲು ಶಿರಸಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಗ್ಯಾರೇಜಿನವರು ಹೊಸದಾಗಿ ಹೊಡೆದುಕೊಡುತ್ತೇವೆ ಎಂದರೆ ಒಪ್ಪಬೇಡಿ, ಅದು ಅಪರಾಧ.

ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ 20 ವರ್ಷ ಮೀರಿದ ಬೈಕಿಗೆ ಈ ಶುಲ್ಕ 2,000 ರೂಪಾಯಿ, ಜೀಪು ಕಾರುಗಳಿಗೆ 10,000. ಇದರ ಮೇಲೆ ಹಸಿರು ತೆರಿಗೆ, ವಿಮೆ ಪ್ರತ್ಯೇಕ.

ವಿಂಟೇಜ್ ಎಂದು ನೋಂದಾಯಿಸಿದರೆ ಎಲ್ಲ ಸಲೀಸು ಎಂಬ ಮಾತೂ ಚಲಾವಣೆಯಲ್ಲಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನದ ಓಡಾಟಕ್ಕಲ್ಲ. 1985ರಲ್ಲಿ ಬಂದ ಮಹೀಂದ್ರ ಎಂಎಂ 540 ಜೀಪುಗಳು 2035ಕ್ಕೆ ಮೊದಲು ಈ ಪಟ್ಟಿಗೆ ಬರುವುದೇ ಇಲ್ಲ.

ಮಾರ್ಪಾಡಿನ ವಿಷಯದಲ್ಲೂ ಎಚ್ಚರ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ದೊಡ್ಡ ಟೈರು, ಬೇರೆ ಎಂಜಿನ್, ಬೇರೆ ಆಕಾರದ ಮೈ ಇವೆಲ್ಲ ಫೋಟೊದಲ್ಲಿ ಚೆಂದ, ತಪಾಸಣೆಯಲ್ಲಿ ತೊಡಕು.

ಹಾಕಿದ ಹಣ ಮರಳುತ್ತದೆಯೇ?

ಹಳೆ ಗಾಡಿ ಬಂಗಾರವಿದ್ದಂತೆ, ಬೆಲೆ ಏರುತ್ತಲೇ ಹೋಗುತ್ತದೆ ಎಂಬುದು ದುಬಾರಿ ನಂಬಿಕೆ. 2022ರಲ್ಲಿ ಮರ್ಸಿಡಿಸ್‌ನ 300 ಎಸ್‌ಎಲ್‌ಆರ್ ಎಂಬ 1955ರ ಕಾರು 13.5 ಕೋಟಿ ಯುರೋಗೆ ಮಾರಾಟವಾಯಿತು. ಆದರೆ ಆ ಕೂಪೆ ಮಾದರಿಯಲ್ಲಿ ತಯಾರಾದದ್ದು ಎರಡೇ ಕಾರು. ಅಷ್ಟು ಬೆಲೆ ಬಂದದ್ದು ಅಪರೂಪಕ್ಕೆ, ಅದರ ಚರಿತ್ರೆಗೆ. ಹೊಸ ಬಣ್ಣಕ್ಕಲ್ಲ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಜೀಪಿಗೆ, ಪದ್ಮಿನಿಗೆ ಆ ಲೆಕ್ಕ ಹೊಂದುವುದಿಲ್ಲ. ಸರಿಯಾಗಿ ಮಾಡಿಸಿದ ಪೂರ್ಣ ಪುನರುಜ್ಜೀವನಕ್ಕೆ ತಗಲುವ ಖರ್ಚು ಅನೇಕ ಸಲ ಆ ಗಾಡಿಯ ಮಾರುಕಟ್ಟೆ ಬೆಲೆಯನ್ನೇ ಮೀರುತ್ತದೆ.

ಇದರಿಂದ ಒಂದು ಉಪಯುಕ್ತ ಸತ್ಯವೂ ಹೊರಡುತ್ತದೆ. ಹಳೆ ಗಾಡಿಗಳ ಲೋಕದಲ್ಲಿ ಮೂಲ ಭಾಗಗಳಿಗೆ ಬೆಲೆ ಹೆಚ್ಚು. ಇನ್ನೂ ಗಟ್ಟಿ ಇರುವ ಮೂಲ ಬಣ್ಣ, ಮೂಲ ಮೀಟರು, ಮೂಲ ಸೀಟುಗಳನ್ನು ಕಿತ್ತೆಸೆದು ಹೊಸದು ಹಾಕುವುದು ದುಡ್ಡು ಕೊಟ್ಟು ಬೆಲೆ ಇಳಿಸಿಕೊಂಡಂತೆ. ಗಟ್ಟಿ ಇದ್ದದ್ದನ್ನು ಮುಟ್ಟದೆ, ಕೊಳೆತದ್ದನ್ನು ಮಾತ್ರ ಸರಿಯಾಗಿ ಬದಲಿಸಿದರೆ ಖರ್ಚೂ ಕಡಿಮೆ, ಬೆಲೆಯೂ ಉಳಿಯುತ್ತದೆ.

ಒಪ್ಪಿಕೊಳ್ಳುವ ಮೊದಲು

ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಇಷ್ಟನ್ನು ಮಾತಾಡಿ, ಬರೆದಿಟ್ಟುಕೊಳ್ಳಿ.

- ಕೆಲಸವನ್ನು ಹಂತಗಳಾಗಿ ಒಡೆಯಿರಿ: ಬಿಚ್ಚುವುದು, ಲೋಹ, ಯಂತ್ರ, ಬಣ್ಣ, ಜೋಡಣೆ. ಹಂತ ಮುಗಿದಂತೆ ಹಣ.
- ಬಿಚ್ಚಿ ನೋಡುವ ಹಂತಕ್ಕೆ ಪ್ರತ್ಯೇಕ ದರ ಕೊಡಿ. ಬಿಚ್ಚುವ ಮೊದಲೇ ಕೊನೆಯ ಮೊತ್ತ ಹೇಳುವವರು ಊಹೆಯನ್ನು ಹೇಳುತ್ತಿದ್ದಾರೆ.
- ಪ್ರೈಮರ್ ಹಾಕುವ ಮೊದಲು ಒಮ್ಮೆ ನೀವೇ ಹೋಗಿ ನೋಡಿ. ಇಡೀ ಕೆಲಸದಲ್ಲಿ ಒಂದೇ ದಿನ ಬಿಡುವಿದ್ದರೆ ಆ ದಿನ ಹೋಗಿ.
- ತೆಗೆದ ಹಳೆ ಭಾಗಗಳನ್ನು ಚೀಲದಲ್ಲಿ ಮರಳಿಸಲು ಹೇಳಿ.
- ಗಾಡಿ ಪಡೆಯುವ ದಿನ ಪೈಪಿನಿಂದ ನೀರು ಬಿಟ್ಟು ಎಲ್ಲಿ ಸೋರುತ್ತದೆ ನೋಡಿ. ಬಾಗಿಲುಗಳ ತಳದಲ್ಲಿರುವ ನೀರು ಹೊರಹೋಗುವ ತೂತುಗಳು ಪುಟ್ಟಿಯಲ್ಲಿ ಮುಚ್ಚಿಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳಿ.
- ಕೊನೆಯ ಕಂತಿನ ಸಣ್ಣ ಪಾಲನ್ನು ಮೊದಲ ಮಳೆಗಾಲ ಮುಗಿದ ಮೇಲೆ ಕೊಡುವ ಒಪ್ಪಂದ ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಗ್ಯಾರಂಟಿ ಇಲ್ಲ.

ಎಲ್ಲ ಲೆಕ್ಕ ಹಾಕಿದ ಮೇಲೂ ಖರ್ಚು ಬೆಲೆಗಿಂತ ಹೆಚ್ಚಾದರೆ ಮಾಡಿಸಬಾರದೆಂದೇನಿಲ್ಲ. ಅಪ್ಪ ಓಡಿಸಿದ ಜೀಪಿಗೆ ಮಾರುಕಟ್ಟೆಯ ಬೆಲೆ ಕಟ್ಟಲಾಗದು, ಅದು ಮನೆಯವರೇ ತೀರ್ಮಾನಿಸುವ ಮಾತು. ಆದರೆ ಪ್ರೀತಿಗೆ ಖರ್ಚು ಮಾಡುವಾಗಲೂ ಆ ಹಣ ಲೋಹಕ್ಕೆ, ಬ್ರೇಕಿಗೆ ಹೋಗಲಿ. ಬಣ್ಣ ಕೊನೆಗಿರಲಿ. ಗುಣಮಟ್ಟದ ಪ್ರಮಾಣಪತ್ರವನ್ನು ನಮ್ಮ ಕಡೆ ಆಷಾಢದ ಮಳೆಯೇ ಕೊಡುತ್ತದೆ. ಎರಡು ಮಳೆಗಾಲ ಕಳೆದು ಬಾಗಿಲ ಅಂಚಿನಲ್ಲಿ ಗುಳ್ಳೆ ಏಳದಿದ್ದರೆ ನೀವು ಕೊಟ್ಟ ದರ ಸರಿಯಾಗಿಯೇ ಇತ್ತು.